ಕುಂದಗೋಳದ ಗಾನಗುರು

ಶಿಲ್ಪಿಯು ಕಟೆದ ಮೂರ್ತಿ ಅವನು ಕಾಲವಾದ ಮೇಲೂ ಕಲ್ಲಿನಲ್ಲಿ ನಿಂತಿರುತ್ತದೆ. ಕವಿಯು ರಚಿಸಿದ ಕಾವ್ಯ ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿದು ಮುಂದಿನ ತಲೆಮಾರಿನವರ ಕೈಸೇರುತ್ತದೆ. ಆದರೆ ಗಾಯಕನ ಕಲೆಗೆ ಇಂತಹ ಆಸರೆಯಿಲ್ಲ. ಹಾಡಿದ ಸ್ವರ ಹಾಡಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಕರಗಿಹೋಗುತ್ತದೆ. ಗ್ರಾಮಾಫೋನ್ ತಟ್ಟೆಗಳು ಬರುವುದಕ್ಕೆ ಮುಂಚಿನ ಎಷ್ಟೋ ಮಹಾಗಾಯಕರ ಹೆಸರುಗಳು ಮಾತ್ರ ನಮಗೆ ತಿಳಿದಿವೆ. ಅವರ ಕಂಠ ಹೇಗಿತ್ತೆಂಬುದನ್ನು ಇಂದು ಯಾರೂ ಹೇಳಲಾರರು. ಹಾಗಾದರೆ ಗಾಯಕನೊಬ್ಬನ ಕಂಠ ಮೌನವಾದ ಮೇಲೆ ಉಳಿಯುವುದೇನು? ಧಾರವಾಡ ಜಿಲ್ಲೆಯ ಕುಂದಗೋಳವೆಂಬ ಸಣ್ಣ ಊರಿನ ಒಬ್ಬ ಸಂಗೀತ ಗುರುವಿನ ಬಾಳು ಈ ಪ್ರಶ್ನೆಗೆ ಉತ್ತರದಂತಿದೆ. ಅವರೇ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು.

ಕುಂದಗೋಳವು ಹುಬ್ಬಳ್ಳಿಗೆ ಸಮೀಪದಲ್ಲಿ, ರೈಲುಮಾರ್ಗದ ಮೇಲೆ ಇರುವ ಊರು. ಸುತ್ತಲೂ ಎರೆಮಣ್ಣಿನ ಹೊಲಗಳು. ಹತ್ತಿ, ಮೆಣಸಿನಕಾಯಿಗಳ ಬೆಳೆ. ಊರಿನಲ್ಲಿ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವಿದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿಯ ನಾಡಗೀರ ಮನೆತನದವರು ಸಂಗೀತದ ಪೋಷಕರು. ಅವರ ವಿಶಾಲವಾದ ವಾಡೆಯಲ್ಲಿ ದೂರದೂರದ ಕಲಾವಿದರ ಹಾಡುಗಾರಿಕೆ ನಡೆಯುತ್ತಿತ್ತು. ಅದೇ ನಾಡಗೀರರಲ್ಲಿ ಕಾರಕೂನರಾಗಿದ್ದ ಗಣೇಶ ಸೌಂಶಿಯವರ ಮಗನಾಗಿ ರಾಮಚಂದ್ರನು 1886ನೆಯ ಇಸವಿ ಜನವರಿ 19ರಂದು ಜನಿಸಿದನು. ಬಾಲಕನಿಗೆ ಶಾಲೆಯ ಪಾಠಗಳಿಗಿಂತ ಹಾಡಿನಲ್ಲಿಯೇ ಹೆಚ್ಚು ಆಸಕ್ತಿ. ಇದನ್ನು ಗಮನಿಸಿದ ತಂದೆ ಮಗನಿಗೆ ಬಲವಂತರಾವ್ ಕೊಲ್ಹಟಕರರೆಂಬ ಗಾಯಕರಿಂದ ಪಾಠ ಹೇಳಿಸಿದರು. ಧ್ರುಪದ, ತರಾನಾ ಮುಂತಾದ ಹಲವು ರಚನೆಗಳನ್ನು ಬಾಲಕ ಅವರಿಂದ ಕಲಿತನು. ಆದರೆ ಕೆಲಕಾಲದಲ್ಲಿಯೇ ಆ ಗುರುಗಳು ತೀರಿಕೊಂಡರು. ಕಲಿಯುವ ಹಂಬಲ ಮಾತ್ರ ಬೆಳೆಯುತ್ತಲೇ ಹೋಯಿತು.

ಆ ಕಾಲದಲ್ಲಿ ಉಸ್ತಾದ್ ಅಬ್ದುಲ್ ಕರೀಂಖಾನರ ಕೀರ್ತಿ ದಖ್ಖನಿನ ತುಂಬ ಹಬ್ಬಿತ್ತು. ಉತ್ತರದ ಕೈರಾನಾ ಎಂಬ ಊರಿನಲ್ಲಿ 1872ರಲ್ಲಿ ಹುಟ್ಟಿದ ಖಾನರು ಮುಂದೆ ಮೀರಜಿನಲ್ಲಿ ನೆಲೆಸಿದರು. ಅವರ ಹುಟ್ಟೂರಿನಿಂದಾಗಿ ಅವರ ಹಾಡುಗಾರಿಕೆಯ ಸಂಪ್ರದಾಯಕ್ಕೆ ಕಿರಾನಾ ಘರಾಣೆಯೆಂಬ ಹೆಸರು ಬಂದಿದೆ. ಮೈಸೂರಿನ ಅರಮನೆಯಲ್ಲಿಯೂ ಖಾನರಿಗೆ ಗೌರವವಿತ್ತು. ಹಾಗೆ ಹೋಗಿಬರುವಾಗ ಅವರು ಧಾರವಾಡದ ಸೀಮೆಯಲ್ಲಿ ತಂಗುತ್ತಿದ್ದರು. ನಾಡಗೀರರ ವಾಡೆಗೂ ಬರುತ್ತಿದ್ದರು. ಅಲ್ಲಿ ಅವರ ಗಾಯನವನ್ನು ಕೇಳಿದ ಬಾಲಕ ರಾಮಚಂದ್ರನಿಗೆ ತನ್ನ ಗುರು ಇವರೇ ಎಂದು ನಿಶ್ಚಯವಾಯಿತು. ಹಿರಿಯರ ಪ್ರಯತ್ನದಿಂದ ಖಾನರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಅಂದಿನ ಗುರುಕುಲ ಪದ್ಧತಿ ಇಂದಿನ ಶಾಲೆಯಂತೆ ಇರಲಿಲ್ಲ. ಶಿಷ್ಯನು ಗುರುವಿನ ಮನೆಯಲ್ಲಿಯೇ ಇದ್ದು ಸೇವೆ ಮಾಡಬೇಕು. ಗುರು ಹೋದಲ್ಲಿಗೆ ಹೋಗಬೇಕು. ಗುರು ಹಾಡುವಾಗ ಹಿಂದೆ ಕುಳಿತು ತಂಬೂರಿ ನುಡಿಸಬೇಕು. ಪಾಠ ಯಾವಾಗ ಎಂದು ಕೇಳುವಂತಿಲ್ಲ. ಕುಂದಗೋಳದ ಬ್ರಾಹ್ಮಣ ಬಾಲಕ ಒಬ್ಬ ಮುಸಲ್ಮಾನ ಗುರುವಿನ ಪಾದದ ಬಳಿ ಕುಳಿತು ಹೀಗೆ ಹಲವು ವರ್ಷಗಳ ಕಾಲ ವಿದ್ಯೆಯನ್ನು ಪಡೆದನು. ಕಿರಾನಾ ಘರಾಣೆಯಲ್ಲಿ ಸ್ವರಕ್ಕೇ ಮೊದಲ ಸ್ಥಾನ. ಗಾಯಕನು ರಾಗವನ್ನು ಅವಸರದಿಂದ ತುಂಬಿಬಿಡುವುದಿಲ್ಲ. ಒಂದು ಸ್ವರದ ಮೇಲೆ ನಿಂತು, ಅದರ ಕಾಂತಿಯೆಲ್ಲ ಹೊರಬಂದ ಮೇಲೆ ಮುಂದಿನ ಸ್ವರಕ್ಕೆ ಹೆಜ್ಜೆಯಿಡುತ್ತಾನೆ. ಬೆಳಗಿನ ಬೆಳಕು ಮೆಲ್ಲಮೆಲ್ಲನೆ ಹರಡಿ ಬಯಲನ್ನು ತೋರಿಸುವಂತೆ ರಾಗದ ರೂಪ ಕೇಳುವವನ ಮುಂದೆ ತೆರೆಯುತ್ತದೆ. ಇದಕ್ಕೆ ಬೇಕಾದುದು ಶ್ರುತಿಶುದ್ಧಿ ಮತ್ತು ತಾಳ್ಮೆ.

ಈ ತಾಳ್ಮೆಯ ಅಗತ್ಯ ರಾಮಭಾವು ಅವರಿಗೆ ಇತರರಿಗಿಂತ ಹೆಚ್ಚಾಗಿತ್ತು. ಗುರುಗಳ ಕಂಠವೋ ಬೆಣ್ಣೆಯಂತೆ ನಯವಾದುದು, ಎಳೆಯಂತೆ ಸೂಕ್ಷ್ಮವಾದುದು. ಪ್ರಾಯಕ್ಕೆ ಬಂದ ಶಿಷ್ಯನ ಕಂಠ ಹಾಗೆ ಸುಲಭವಾಗಿ ಹರಿಯುತ್ತಿರಲಿಲ್ಲ. ಅದು ಬಿರುಸಾಗಿತ್ತು, ಹಟಮಾರಿಯಾಗಿತ್ತು. ಹಾಡಲು ಕುಳಿತ ಮೊದಲ ಕೆಲವು ನಿಮಿಷ ಅದು ಹೇಳಿದ ಮಾತು ಕೇಳುತ್ತಿರಲಿಲ್ಲ. ದೊಡ್ಡ ಗಾಯಕರಾದ ಮೇಲೂ ಅವರ ಕಚೇರಿಯ ಆರಂಭದಲ್ಲಿ ಈ ಹೋರಾಟ ಶ್ರೋತೃಗಳಿಗೆ ಕಾಣಿಸುತ್ತಿತ್ತು. ಆದರೆ ಒಮ್ಮೆ ಕಂಠ ಕಾವೇರಿ ಶ್ರುತಿಯಲ್ಲಿ ಬೆರೆತಿತೆಂದರೆ ಮುಂದಿನದೆಲ್ಲ ರಸದ ಹೊಳೆ. ಪ್ರಕೃತಿ ಕೊಡದಿದ್ದುದನ್ನು ಅವರು ಸಾಧನೆಯಿಂದ ಗಳಿಸಿಕೊಂಡರು. ಸ್ವತಃ ಇಷ್ಟು ಕಷ್ಟಪಟ್ಟು ಕಲಿತದ್ದರಿಂದಲೇ ಇರಬೇಕು, ಶಿಷ್ಯರ ಕಂಠದ ತೊಡಕು ಎಲ್ಲಿದೆ, ಅದನ್ನು ಬಿಡಿಸುವುದು ಹೇಗೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ವಿದ್ಯಾಭ್ಯಾಸದ ನಂತರ ರಾಮಭಾವು ಅವರು ಮರಾಠಿ ಸಂಗೀತ ನಾಟಕಗಳ ರಂಗಭೂಮಿಯನ್ನು ಪ್ರವೇಶಿಸಿದರು. ಆಗ ಸ್ತ್ರೀಯರು ರಂಗದ ಮೇಲೆ ಬರುವುದು ರೂಢಿಯಲ್ಲಿರಲಿಲ್ಲ. ಪುರುಷರೇ ಸ್ತ್ರೀಪಾತ್ರಗಳನ್ನು ಧರಿಸುತ್ತಿದ್ದರು. ನಟನಿಗೆ ಅಭಿನಯದಷ್ಟೇ ಗಾಯನವೂ ಬೇಕಾಗಿತ್ತು. ಮುಂಬಯಿ ಪ್ರಾಂತದಲ್ಲಿ ಬಾಲಗಂಧರ್ವರೆಂಬ ಬಿರುದಿನ ನಾರಾಯಣರಾವ್ ರಾಜಹಂಸರು ಈ ಕಲೆಯಲ್ಲಿ ಮನೆಮಾತಾಗಿದ್ದರು. ಕುಂದಗೋಳದ ರಾಮಭಾವು ಅವರು ಸುಭದ್ರೆಯೇ ಮೊದಲಾದ ಪಾತ್ರಗಳಲ್ಲಿ ಹಾಡಿದ ಹಾಡುಗಳನ್ನು ಕೇಳಿ ಮೆಚ್ಚಿದ ರಸಿಕರು ಅವರನ್ನು ಸವಾಯಿ ಗಂಧರ್ವರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತಲೂ ಕಾಲು ಪಾಲು ಮಿಗಿಲಾದವರು ಎಂಬುದು ಈ ಬಿರುದಿನ ಅರ್ಥ. ಮುಂದೆ ಜನ ಅವರ ಸ್ವಂತ ಹೆಸರನ್ನೇ ಮರೆತು ಬಿರುದಿನಿಂದಲೇ ಅವರನ್ನು ಗುರುತಿಸತೊಡಗಿದರು.

ರಂಗಭೂಮಿಯ ಕೀರ್ತಿ ದೊಡ್ಡದಾದರೂ ಅಲೆದಾಟದ ಬಾಳು ದೇಹಕ್ಕೆ ಹಿತವಲ್ಲ. ನಾಟಕಗಳಿಂದ ದೂರವಾದ ಮೇಲೆ ಸವಾಯಿ ಗಂಧರ್ವರು ಖ್ಯಾಲ್ ಗಾಯನದ ಕಚೇರಿಗಳಲ್ಲಿಯೂ ಪಾಠ ಹೇಳುವುದರಲ್ಲಿಯೂ ಮನಸ್ಸಿಟ್ಟರು. 1930ರ ದಶಕದ ಉತ್ತರಾರ್ಧದಲ್ಲಿ ಅವರು ಹೆಚ್ಚಾಗಿ ಕುಂದಗೋಳದಲ್ಲಿಯೇ ಇರುತ್ತಿದ್ದರು. ಆ ಮನೆಯ ಬಾಗಿಲಿಗೆ ಬಂದ ಶಿಷ್ಯರು ಒಂದೇ ಬಗೆಯವರಲ್ಲ. ಅವರನ್ನು ನೋಡಿದರೆ ವಿದ್ಯೆಗೆ ಜಾತಿ, ಮತ, ಊರುಗಳ ಬೇಲಿಯಿಲ್ಲವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ.

ಹುಬ್ಬಳ್ಳಿಯಿಂದ ಬರುತ್ತಿದ್ದವರು ಗಂಗೂಬಾಯಿ ಹಾನಗಲ್. ಅವರು 1913ರಲ್ಲಿ ಧಾರವಾಡದಲ್ಲಿ ಜನಿಸಿದವರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಉತ್ತಮ ಗಾಯಕಿ. ಹಾಡುವ ಹೆಣ್ಣುಮಕ್ಕಳನ್ನು ಸಮಾಜವು ಗೌರವದಿಂದ ಕಾಣದಿದ್ದ ಕಾಲವದು. ಬೀದಿಯಲ್ಲಿ ನಡೆಯುವಾಗ ಚುಚ್ಚುಮಾತುಗಳನ್ನು ಕೇಳಬೇಕಾಗುತ್ತಿತ್ತು. ಮನೆಯಲ್ಲಿ ಸಂಸಾರದ ಹೊರೆ. ಆದರೂ ಅವರು ಸಂಜೆಯ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿಕೊಂಡು ರಾತ್ರಿಯ ರೈಲಿನಲ್ಲಿ ಹುಬ್ಬಳ್ಳಿಗೆ ಮರಳುತ್ತಿದ್ದರು. ಗುರುಗಳು ಒಂದೇ ಸಲಕ್ಕೆ ಹೆಚ್ಚು ಹೇಳಿಕೊಡುತ್ತಿರಲಿಲ್ಲ. ಒಂದು ಸಣ್ಣ ಸ್ವರಗುಚ್ಛವನ್ನು ಕೊಟ್ಟು, ಅದು ಸರಿಯಾಗುವವರೆಗೆ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಕೆಲವೇ ರಾಗಗಳನ್ನು ಆಳವಾಗಿ ಕಲಿತರೆ ಉಳಿದ ರಾಗಗಳ ದಾರಿ ತಾನಾಗಿಯೇ ತಿಳಿಯುತ್ತದೆಂಬುದು ಅವರ ನಂಬಿಕೆ. ಆ ಶಿಕ್ಷಣದ ಬಲದಿಂದ ಗಂಗೂಬಾಯಿಯವರು ದೇಶದ ಅಗ್ರಗಣ್ಯ ಗಾಯಕಿಯರಲ್ಲಿ ಒಬ್ಬರಾದರು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಒಂದು ಕಾಲಕ್ಕೆ ಸಮಾಜ ಕೀಳಾಗಿ ಕಂಡ ಆ ಹೆಣ್ಣುಮಗಳ ಹೆಸರನ್ನು ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಹೊತ್ತಿದೆ.

ಇನ್ನೊಬ್ಬ ಶಿಷ್ಯ ಮನೆಬಿಟ್ಟು ಓಡಿಹೋಗಿದ್ದ ಹುಡುಗ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ. ಅವನು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂಖಾನರ ಗ್ರಾಮಾಫೋನ್ ತಟ್ಟೆಯನ್ನು ಕೇಳಿ ಮೈಮರೆತನು. ತಾನೂ ಹಾಗೆಯೇ ಹಾಡಬೇಕೆಂಬ ಛಲ ಹುಟ್ಟಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಯಿಂದ ಹೊರಟುಬಿಟ್ಟನು. ಕೈಯಲ್ಲಿ ಹಣವಿಲ್ಲ, ರೈಲಿನಲ್ಲಿ ಹಾಡುತ್ತ, ಜನ ಕೊಟ್ಟುದನ್ನು ತಿನ್ನುತ್ತ ಗ್ವಾಲಿಯರ್, ಕಲ್ಕತ್ತೆ, ದಿಲ್ಲಿ, ಜಲಂಧರಗಳವರೆಗೆ ಅಲೆದನು. ಜಲಂಧರದಲ್ಲಿ ಭೇಟಿಯಾದ ಪಂಡಿತ ವಿನಾಯಕರಾವ್ ಪಟವರ್ಧನರು, ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿಯುವಂತೆ ಅವನಿಗೆ ಬುದ್ಧಿ ಹೇಳಿದರು. ಉತ್ತರ ಭಾರತವನ್ನೆಲ್ಲ ಸುತ್ತಿ ಹುಡುಕಿದ ಗುರು ತನ್ನ ಊರಿನಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿಯೇ ಇದ್ದರು!

1936ರ ಸುಮಾರಿಗೆ ತಂದೆ ಗುರುರಾಜ ಜೋಶಿಯವರು ಮಗನನ್ನು ಸವಾಯಿ ಗಂಧರ್ವರ ಬಳಿಗೆ ಕರೆತಂದರು. ಹುಡುಗನಿಗೆ ಕೂಡಲೇ ಪಾಠ ದೊರೆಯಲಿಲ್ಲ. ಕೊಡಗಳಲ್ಲಿ ನೀರು ಹೊತ್ತು ತರುವುದು, ಮನೆಗೆಲಸ ಮಾಡುವುದು, ಗುರುಗಳು ಇತರರಿಗೆ ಹೇಳಿಕೊಡುವಾಗ ಕಿವಿಗೊಟ್ಟು ಕೇಳುವುದು, ಇವೇ ಮೊದಲ ಪಾಠಗಳಾದವು. ಇವನ ನಿಷ್ಠೆ ನಿಜವಾದುದೆಂದು ಖಚಿತವಾದ ಮೇಲೆ ಗುರುಗಳು ವಿದ್ಯೆಯ ಬಾಗಿಲನ್ನು ತೆರೆದರು. ಬೆಳಗ್ಗೆ ತೋಡಿ, ಹಗಲಿಳಿಯುವ ಹೊತ್ತಿಗೆ ಮುಲ್ತಾನಿ, ಮುಸ್ಸಂಜೆಯಲ್ಲಿ ಪೂರಿಯಾ. ಈ ಮೂರು ರಾಗಗಳ ಅಭ್ಯಾಸವೇ ದಿನದಿನವೂ ನಡೆಯಿತು. ಅಡಿಪಾಯ ಗಟ್ಟಿಯಾದ ಮೇಲೆ ಮನೆ ಎಷ್ಟು ಎತ್ತರಕ್ಕಾದರೂ ಏರಬಲ್ಲದು. ಗುರುಮನೆಯಲ್ಲಿ ಗಂಗೂಬಾಯಿಯವರೊಡನೆ ಮೂಡಿದ ಅಕ್ಕತಮ್ಮಂದಿರ ಬಾಂಧವ್ಯವನ್ನು ಭೀಮಸೇನರು ಜೀವನದುದ್ದಕ್ಕೂ ಉಳಿಸಿಕೊಂಡರು.

ಮೂರನೆಯವರು ಮುಂಬಯಿಯ ಪಾರಸಿ ಮನೆತನದ ಫಿರೋಜ್ ದಸ್ತೂರರು. ಬಾಲ್ಯದಲ್ಲಿಯೇ ಚಲನಚಿತ್ರಗಳಲ್ಲಿ ನಟಿಸಿ ಹೆಸರು ಮಾಡಿದ್ದ ಅವರು ಸವಾಯಿ ಗಂಧರ್ವರ ಶಿಷ್ಯರಾಗಿ, ಅಬ್ದುಲ್ ಕರೀಂಖಾನರ ಗಾಯನದ ನಯವನ್ನು ಕೊನೆಯವರೆಗೂ ಕಾಪಾಡಿಕೊಂಡು ಬಂದರು. ಗದಗಿನ ಪಂಚಾಕ್ಷರಿ ಗವಾಯಿಗಳಲ್ಲಿ ಸಂಗೀತ ಕಲಿತಿದ್ದ ಬಸವರಾಜ ರಾಜಗುರುಗಳೂ ಸವಾಯಿ ಗಂಧರ್ವರಿಂದ ಮಾರ್ಗದರ್ಶನ ಪಡೆದರು. ಮುಸಲ್ಮಾನ ಗುರುವಿನಿಂದ ಪಡೆದ ವಿದ್ಯೆಯನ್ನು ಹೀಗೆ ಸವಾಯಿ ಗಂಧರ್ವರು ಯಾವ ಭೇದವನ್ನೂ ಎಣಿಸದೆ ಹಂಚಿದರು.

ಇಂತಹ ಗುರುವಿಗೆ 1940ರ ದಶಕದ ಆರಂಭದಲ್ಲಿ ದೊಡ್ಡ ಆಘಾತವೊಂದು ಒದಗಿತು. ಅವರು ಪಾರ್ಶ್ವವಾಯುವಿಗೆ ತುತ್ತಾದರು. ಸಾವಿರಾರು ಜನರನ್ನು ಮಂತ್ರಮುಗ್ಧಗೊಳಿಸಿದ್ದ ಗಾಯಕ ಸಭೆಯಲ್ಲಿ ಕುಳಿತು ಹಾಡುವುದು ನಿಂತುಹೋಯಿತು. ವರ್ಷಗಟ್ಟಲೆ ದುಡಿದು ಪಳಗಿಸಿದ್ದ ಕಂಠವೇ ಕೈಬಿಟ್ಟಾಗ ಕಲಾವಿದನ ಮನಸ್ಸಿಗೆ ಆಗುವ ನೋವನ್ನು ನಾವು ಊಹಿಸಬಹುದು. ಆದರೆ ಅವರು ವಿದ್ಯಾದಾನವನ್ನು ಬಿಡಲಿಲ್ಲ. ತಾವು ಹಾಡಲಾಗದಿದ್ದುದನ್ನು ಶಿಷ್ಯರ ಬಾಯಿಂದ ಹಾಡಿಸಿದರು.

1946ರ ಜನವರಿಯಲ್ಲಿ ಗುರುಗಳಿಗೆ ಅರವತ್ತು ವರ್ಷ ತುಂಬಿದಾಗ ಶಿಷ್ಯರೂ ಅಭಿಮಾನಿಗಳೂ ಕೂಡಿ ಪುಣೆಯಲ್ಲಿ ಸಮಾರಂಭ ಏರ್ಪಡಿಸಿದರು. ಆ ಸಂದರ್ಭದಲ್ಲಿ ತರುಣ ಭೀಮಸೇನರು ಹಾಡಿದರು. ಸಭೆ ಬೆರಗಾಯಿತು. ಗುರುಗಳೂ ಮೆಚ್ಚಿದರು. ಕೊಡ ಹೊತ್ತು ನೀರು ತಂದ ಹುಡುಗನ ಕೀರ್ತಿ ಅಂದಿನಿಂದ ನಾಡಿನಲ್ಲಿ ಹಬ್ಬತೊಡಗಿತು. ಮಾತು ತೊದಲುವ, ಕಂಠ ಸೋತ ಗುರುವಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನಿದ್ದೀತು? 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನರಾದರು.

ಗುರುವಿನ ಋಣವನ್ನು ತೀರಿಸುವ ಬಗೆ ಯಾವುದು? ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಬಹುದು, ಬೀದಿಗೆ ಹೆಸರಿಡಬಹುದು. ಹಾಡುವುದನ್ನು ಕಲಿಸಿದ ಗುರುವಿಗೆ ಹಾಡನ್ನೇ ಕಾಣಿಕೆಯಾಗಿ ಕೊಡಬೇಕೆಂದು ಶಿಷ್ಯರು ನಿಶ್ಚಯಿಸಿದರು. ಮರುವರ್ಷ, ಎಂದರೆ 1953ರಲ್ಲಿ, ಪುಣೆಯ ಆರ್ಯ ಸಂಗೀತ ಪ್ರಸಾರಕ ಮಂಡಳಿಯ ಆಶ್ರಯದಲ್ಲಿ ಗುರುಗಳ ಸ್ಮರಣೆಗಾಗಿ ಸಂಗೀತೋತ್ಸವ ಆರಂಭವಾಯಿತು. ಭೀಮಸೇನ ಜೋಶಿಯವರು ಅದರ ಜೀವಾಳವಾಗಿದ್ದರು. ಗಂಗೂಬಾಯಿ, ಫಿರೋಜ್ ದಸ್ತೂರರು ಅವರ ಜೊತೆಗಾರರು. ಮೊದಲು ಸಣ್ಣ ಪ್ರಮಾಣದಲ್ಲಿ ನಡೆದ ಈ ಪುಣ್ಯಸ್ಮರಣೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಭಾರತದ ಪ್ರಮುಖ ಸಂಗೀತೋತ್ಸವಗಳಲ್ಲಿ ಒಂದಾಯಿತು. ಮಲ್ಲಿಕಾರ್ಜುನ ಮನ್ಸೂರ, ಕಿಶೋರಿ ಅಮೋಣಕರ್, ಜಸರಾಜ್ ಮುಂತಾದ ಶ್ರೇಷ್ಠ ಕಲಾವಿದರು ಅಲ್ಲಿ ಹಾಡಿದರು. ಇನ್ನೂ ಹೆಸರು ಬಾರದ ಎಳೆಯ ಕಲಾವಿದರಿಗೂ ಅದೇ ವೇದಿಕೆಯ ಮೇಲೆ ಸ್ಥಾನವಿತ್ತು.

ಡಿಸೆಂಬರ್ ತಿಂಗಳ ಚಳಿಯಲ್ಲಿ ಸಾವಿರಾರು ಜನ ಶಾಲು ಹೊದೆದು, ನೆಲದ ಮೇಲೆ ಕುಳಿತು ರಾತ್ರಿಯಿಡೀ ಸಂಗೀತವನ್ನು ಆಲಿಸುತ್ತಿದ್ದರು. ಕೊನೆಯ ದಿನದ ಕೊನೆಯ ಗಾಯನ ಬಹುಕಾಲ ಭೀಮಸೇನರದೇ ಆಗಿತ್ತು. ಅವರು ಎಷ್ಟೇ ಪ್ರಸಿದ್ಧರಾದರೂ, ದೇಶವಿದೇಶಗಳಲ್ಲಿ ಎಷ್ಟೇ ಸನ್ಮಾನ ಪಡೆದರೂ ಗುರುವಿನ ಈ ಸೇವೆಯನ್ನು ತಪ್ಪಿಸಲಿಲ್ಲ. 2008ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಘೋಷಿತವಾಯಿತು. 2011ರಲ್ಲಿ ಅವರು ಕಾಲವಾದ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಹೆಸರಿನೊಡನೆ ಶಿಷ್ಯನ ಹೆಸರೂ ಸೇರಿತು. ಗುರುವಿನ ನೆನಪನ್ನು ಉಳಿಸಲು ದುಡಿದ ಶಿಷ್ಯನು ತಾನೂ ಅದೇ ನೆನಪಿನಲ್ಲಿ ನೆಲೆ ಪಡೆದನು.

ತವರೂರೂ ಗುರುವನ್ನು ಮರೆಯಲಿಲ್ಲ. ಬಾಲಕ ರಾಮಚಂದ್ರನು ಅಬ್ದುಲ್ ಕರೀಂಖಾನರ ಗಾಯನವನ್ನು ಕೇಳಿದ ಕುಂದಗೋಳದ ಅದೇ ನಾಡಗೀರರ ವಾಡೆಯಲ್ಲಿ ಅವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತ ದಶಕಗಳ ಕಾಲ ನಡೆದುಬಂದಿತು. ಊರಿನ ರೈತರೂ ವ್ಯಾಪಾರಿಗಳೂ ದೊಡ್ಡ ವಿದ್ವಾಂಸರೊಡನೆ ಕುಳಿತು ಅದನ್ನು ಕೇಳಿದರು. ಗಂಗೂಬಾಯಿ, ಭೀಮಸೇನರಂತಹವರು ಅಲ್ಲಿಗೆ ಬಂದು ಹಾಡಿದುದು ಸಂಭಾವನೆಗಾಗಿ ಅಲ್ಲ, ಗುರುಭಕ್ತಿಯಿಂದ. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಕಲಾಮಂದಿರವೂ ಇದೆ.

ಪುಣೆಯ ಉತ್ಸವದಲ್ಲಿ ಒಂದು ಸಂಪ್ರದಾಯ ಬೆಳೆದುಬಂದಿತು. ಎಲ್ಲ ಕಲಾವಿದರ ಗಾಯನ ವಾದನಗಳು ಮುಗಿದ ಮೇಲೆ, ಜನ ಎದ್ದುಹೋಗುವ ಮುನ್ನ, ಹಳೆಯ ಗ್ರಾಮಾಫೋನ್ ತಟ್ಟೆಯೊಂದರ ಧ್ವನಿ ಕೇಳಿಸುತ್ತದೆ. ಅದು ಸವಾಯಿ ಗಂಧರ್ವರು ಹಾಡಿದ ಭೈರವಿ ರಾಗದ ಠುಮ್ರಿ. ಅವರ ಧ್ವನಿಮುದ್ರಿಕೆಗಳು ಹೆಚ್ಚಿಲ್ಲ. ಒಂದೊಂದೂ ಕೆಲವೇ ನಿಮಿಷಗಳದು. ಧ್ವನಿ ಸ್ಪಷ್ಟವಿಲ್ಲ, ಮುಳ್ಳು ತಟ್ಟೆಯನ್ನು ಕೆರೆಯುವ ಸದ್ದು ನಡುನಡುವೆ ಬರುತ್ತದೆ. ಆದರೂ ಸಾವಿರಾರು ಜನ ಮಾತಿಲ್ಲದೆ ಕುಳಿತು ಆಲಿಸುತ್ತಾರೆ. ಅವರಲ್ಲಿ ಬಹುಮಂದಿ ಆ ಗುರುಗಳನ್ನು ಕಣ್ಣಾರೆ ಕಂಡವರಲ್ಲ.

ಗಾಯಕನ ಕಂಠ ಮೌನವಾದ ಮೇಲೆ ಉಳಿಯುವುದೇನು ಎಂದು ಮೊದಲಿಗೆ ಕೇಳಿದೆವು. ಸವಾಯಿ ಗಂಧರ್ವರ ಕಂಠವನ್ನು ಅವರು ಬದುಕಿರುವಾಗಲೇ ವ್ಯಾಧಿ ಕಸಿದುಕೊಂಡಿತು. ಆದರೆ ಅವರು ಕಲಿಸಿದುದನ್ನು ಕಸಿದುಕೊಳ್ಳಲು ಅದರಿಂದಾಗಲಿಲ್ಲ. ರೈಲಿಗೆ ಕಾದು ಬಂದ ಗಂಗೂಬಾಯಿಯಲ್ಲಿ, ನೀರು ಹೊತ್ತ ಭೀಮಸೇನನಲ್ಲಿ, ಮುಂಬಯಿಯಿಂದ ಬಂದ ದಸ್ತೂರರಲ್ಲಿ ಅದು ಆಗಲೇ ಬೇರೂರಿತ್ತು. ಶಿಷ್ಯರು ಅದನ್ನು ತಮ್ಮಲ್ಲಿಯೇ ಬಚ್ಚಿಟ್ಟುಕೊಳ್ಳದೆ ನಾಡಿಗೆ ಹಂಚಿದರು. ಕಲಿಸಿದವರನ್ನು ನೆನೆಯಲು ಉತ್ತಮವಾದ ದಾರಿ ಅವರು ಕಲಿಸಿದುದನ್ನು ಶ್ರದ್ಧೆಯಿಂದ ಮಾಡಿ ತೋರಿಸುವುದು. ಕುಂದಗೋಳದ ಗಾನಗುರುವಿನ ಶಿಷ್ಯರು ನಡೆದು ತೋರಿಸಿದ ಆ ದಾರಿ ಕಲಿಯುವ ಎಲ್ಲರಿಗೂ ತೆರೆದೇ ಇದೆ.